ಕ್ಲಚ್ ಮೇಷ್ಟ್ರ ಕನ್ನಡಕ ಒಡೆದ ದಿನ

ಊರಿನವರ ಬಾಯಲ್ಲಿ ಅವರು ಕ್ಲಚ್ ಮೇಷ್ಟ್ರು. ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು. ಹಲ್ಲಿನ ಡಾಕ್ಟರಿಂದ ಹಿಡಿದು ಹಾಲಿನ ವ್ಯಾನಿನವನವರೆಗೆ ಅರ್ಧ ಊರಿಗೆ ಗಾಡಿ ಕಲಿಸಿದ್ದು ಅವರೇ. ಕಲಿಯೋರು ಗೋಡೆಗೆ ಗುದ್ದಿದರೂ, "ಪರವಾಗಿಲ್ಲ, ಗೋಡೆ ಎಲ್ಲೂ ಓಡಿಹೋಗಲ್ಲ, ನಿಧಾನಕ್ಕೆ ಹಿಂದೆ ಬನ್ನಿ" ಅನ್ನುವಷ್ಟು ತಾಳ್ಮೆ. ಹೆಂಡತಿಗೆ ಮಾತ್ರ ಕಲಿಸಲಿಲ್ಲ. ಗಂಡ ಕಲಿಸಿದರೆ ಕಾರೂ ಉಳಿಯಲ್ಲ, ಸಂಸಾರವೂ ಉಳಿಯಲ್ಲ ಅನ್ನೋದು ಅವರ ವಾದ.

ಹೆಂಡತಿಯ ಅಕ್ಕನಿಗೆ ದೂರದ ಆಸ್ಪತ್ರೆಯೊಂದರಲ್ಲಿ ಹೃದಯದ ಆಪರೇಷನ್ ನಿಗದಿಯಾಯಿತು. ಮಧ್ಯಾಹ್ನ ಮೂರಕ್ಕೆ ಒಳಗೆ ಕರೆದೊಯ್ಯುತ್ತಾರೆ. ಅಷ್ಟರಲ್ಲಿ ತಂಗಿಯ ಮುಖ ನೋಡಲೇಬೇಕು ಅಂತ ಅಕ್ಕನ ಹಟ. ಇಬ್ಬರೂ ಬೆಳಿಗ್ಗೆಯೇ ಸ್ಕೂಲಿನ ಕಾರಿನಲ್ಲಿ ಹೊರಟರು. ದಾರಿಯಲ್ಲಿ, ಗುರುತು ಪರಿಚಯವಿಲ್ಲದ ಒಂದು ನಗರದಲ್ಲಿ ಕಾಫಿಗೆ ಇಳಿದರು. ಮುಖ ತೊಳೆಯಲು ಮೇಷ್ಟ್ರು ಕನ್ನಡಕ ತೆಗೆದು ನಲ್ಲಿಯ ಪಕ್ಕ ಇಟ್ಟರು. ಅದು ಜಾರಿ ಬಿತ್ತು. ತಡಕಾಡುತ್ತಾ ಒಂದು ಹೆಜ್ಜೆ ಮುಂದಿಟ್ಟರು, ಅಷ್ಟೇ. ಕಾಲಡಿ ಕರಕ್ ಅಂತು.

ಎದುರಿನ ಕನ್ನಡಕದ ಅಂಗಡಿಯವನು ಚೂರುಗಳನ್ನು ನೋಡಿ ತಲೆಯಾಡಿಸಿದ. "ಇಷ್ಟು ಪವರಿನ ಗಾಜು ನಾಳೆ ಸಂಜೆಗೇ ಸಾರ್."

ಗಂಟೆ ಹನ್ನೆರಡೂವರೆ. ಆಸ್ಪತ್ರೆ ಇನ್ನೂ ಎಪ್ಪತ್ತು ಕಿಲೋಮೀಟರ್. ತಕ್ಷಣ ಹೊರಡಲು ಒಂದು ಟ್ಯಾಕ್ಸಿಯೂ ಸಿಗಲಿಲ್ಲ.

"ಕೀ ಕೊಡಿ," ಅಂದಳು ಹೆಂಡತಿ.

"ಯಾಕೆ?"

ಆಕೆ ಬ್ಯಾಗಿನಿಂದ ಲೈಸೆನ್ಸ್ ತೆಗೆದು ಗಂಡನ ಕೈಗಿಟ್ಟಳು. ಮೇಷ್ಟ್ರು ಮೂಗಿಗೆ ಮುಟ್ಟಿಸಿಕೊಂಡು ಓದಿದರು. ನಾಲ್ಕು ವರ್ಷ ಹಳೆಯದು!

"ಯಾರು ಕಲಿಸಿದ್ದು?"

"ನಿಮ್ಮ ಎದುರಿನ ಡ್ರೈವಿಂಗ್ ಸ್ಕೂಲಿನವರು."

ಆ ಮನುಷ್ಯನ ಜೊತೆ ಮೇಷ್ಟ್ರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. "ಅವನಾ? ಅವನಿಗೇ ರಿವರ್ಸ್ ಬರಲ್ಲ ಕಣೆ!"

"ನಾವೀಗ ಹೋಗಬೇಕಾಗಿರೋದು ಮುಂದಕ್ಕೆ. ಹತ್ತಿ."

ಸ್ಕೂಲಿನ ಕಾರಾದ್ದರಿಂದ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಅದೇ ಕಂಟಕವಾಯಿತು. ಅವರ ಕಣ್ಣಿಗೆ ನೆರಳೂ ಒಂದೇ, ಮನುಷ್ಯನೂ ಒಂದೇ. ಕಂಬದ ನೆರಳು ಕಂಡರೆ ಬ್ರೇಕ್, ಗಾಳಿಗೆ ಹಾರಿದ ಚೀಲ ಕಂಡರೂ ಬ್ರೇಕ್. ನಾಲ್ಕು ರಸ್ತೆ ಕೂಡುವ ದೊಡ್ಡ ಸರ್ಕಲ್ಲಿನ ನಟ್ಟನಡುವೆ, "ಎಮ್ಮೆ! ಎಮ್ಮೆ!" ಅಂತ ಕಿರುಚಿ ಬಲವಾಗಿ ತುಳಿದೇಬಿಟ್ಟರು. ಕಾರು ಗಕ್ಕನೆ ನಿಂತು ಆಫ್ ಆಯಿತು. ಪಕ್ಕದಲ್ಲೇ ಒಂದು ಬಸ್ಸು ಕೂದಲೆಳೆಯ ಅಂತರದಲ್ಲಿ ದಾಟಿಹೋಯಿತು.

"ಅದು ಲಾರಿ ಮೇಲೆ ಬರೆದಿರೋ ಚಿತ್ರ ಕಣ್ರೀ!" ಅಂತ ಆಕೆ ರೇಗಿದಳು.

ಹಿಂದಿನಿಂದ ಹಾರ್ನುಗಳ ಅಬ್ಬರ. ಟ್ರಾಫಿಕ್ ಪೊಲೀಸ್ ಓಡಿಬಂದ. ಕಾರಿನ ಮೇಲಿದ್ದ ಸ್ಕೂಲಿನ ಬೋರ್ಡು ನೋಡಿ, "ಏನಮ್ಮಾ, ಕಲಿಯೋಕೆ ಈ ಸರ್ಕಲ್ಲೇ ಬೇಕಿತ್ತಾ? ಮೇಷ್ಟ್ರು ಎಲ್ಲಿ?" ಅಂದ.

ಆಕೆ ಪಕ್ಕಕ್ಕೆ ಬೆರಳು ತೋರಿಸಿದಳು. ಮೇಷ್ಟ್ರು ಪೊಲೀಸ್ ಅಂದುಕೊಂಡು ಹೊರಗಿನ ಕಂಬಕ್ಕೆ ಕೈ ಮುಗಿದರು.

ಆಕೆ ಅಕ್ಕನ ವಿಷಯ ಹೇಳಿದಳು, ಲೈಸೆನ್ಸ್ ತೋರಿಸಿದಳು. ಪೊಲೀಸ್ ಲೈಸೆನ್ಸ್ ವಾಪಸ್ ಕೊಟ್ಟು, "ಯಜಮಾನರೇ, ನೀವು ಹಿಂದೆ ಕೂತ್ಕೊಳ್ಳಿ," ಅಂದವನು, ಎರಡೂ ಕಡೆ ಗಾಡಿ ತಡೆದು ದಾರಿ ಬಿಡಿಸಿಕೊಟ್ಟ.

ಹೆದ್ದಾರಿಯಲ್ಲಿ ಮೇಷ್ಟ್ರು ಮುಂದಿನ ಸೀಟನ್ನು ತಬ್ಬಿ ಹಿಡಿದು ಕೂತರು. ನೋಡಲಾಗದೆ ಗೇರಿನ ಸದ್ದನ್ನೇ ಕೇಳುತ್ತಿದ್ದರು. ತಪ್ಪು ಹಿಡಿಯಲು ಕಿವಿ ಕಾದೇ ಇತ್ತು, ಎಲ್ಲೂ ಸಿಗಲಿಲ್ಲ. ಅದು ಸಮಾಧಾನವೋ ಸಂಕಟವೋ ಅವರಿಗೇ ತಿಳಿಯಲಿಲ್ಲ.

ಮೂರಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ಮುಟ್ಟಿದರು. ಅಕ್ಕನ ಸ್ಟ್ರೆಚರ್ ಆಗಲೇ ಲಿಫ್ಟಿನ ಬಾಗಿಲಲ್ಲಿತ್ತು. ತಂಗಿ ಓಡಿಹೋಗಿ ಕೈ ಹಿಡಿದಳು. "ಬಂದ್ಯಾ?" ಅಂದಳು ಅಕ್ಕ, ಅಷ್ಟೇ. ಬಾಗಿಲು ಮುಚ್ಚಿತು.

ಇಬ್ಬರೂ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ಮೇಷ್ಟ್ರು ಆಕೆಯ ಕೈಯನ್ನು ತಮ್ಮ ಎರಡೂ ಅಂಗೈಯೊಳಗೆ ಇಟ್ಟುಕೊಂಡರು. ಬಾಗಿಲು ತೆರೆದಾಗಲೆಲ್ಲ, "ಡಾಕ್ಟರಾ?" ಅಂತ ಕೇಳುತ್ತಿದ್ದರು.

"ಅಲ್ಲ, ನೆಲ ಒರೆಸೋರು."

"ಈಗ?"

"ನರ್ಸು. ಸುಮ್ನಿರಿ."

ಏಳು ಗಂಟೆಗೆ ಮತ್ತೆ ಬಾಗಿಲು ತೆರೆಯಿತು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಆಕೆ ಎದ್ದು ನಿಂತಳು. ಮೇಷ್ಟ್ರಿಗೆ ಮುಖ ಕಾಣದ ಡಾಕ್ಟರ ದನಿ ಹೇಳಿತು: "ಆಪರೇಷನ್ ಚೆನ್ನಾಗಾಯ್ತು. ನಿಮ್ಮಕ್ಕ ಬೆಳಿಗ್ಗೆ ಮಾತಾಡ್ತಾರೆ."