ಕೊಟ್ಟೂರಿನ ಗೋಡೆ ಮೇಲಿನ ವೆಬ್ ವಿಳಾಸ

ಬಸ್ಸಿನ ವೇಳೆ ನೋಡಲು ಜನ ಸೈಬರ್ ಸೆಂಟರಿಗೆ ಹೋಗುತ್ತಾರೆಂದು ನಂಬಿದ್ದ ಖಾಸಗಿ ಬಸ್ ಮಾಲೀಕರೊಬ್ಬರಿಗೆ ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಪುಟದ ವಿಳಾಸ ಚೊಕ್ಕಟವಾಗಿರಬೇಕೆಂಬುದು ನನ್ನ ಹಟ. ಪ್ರಶ್ನೆ ಚಿಹ್ನೆ, ನಂಬರು ಏನೂ ಬೇಡ. ಸೈಟಿನ ಹೆಸರಾದ ಮೇಲೆ ಹೊರಡುವ ಊರು, ಒಂದು ಓರೆಗೆರೆ, ತಲುಪುವ ಊರು, ಅಷ್ಟೇ. ಅದನ್ನು ಆಯಾ ಊರಿನ ಬಸ್ ನಿಲ್ದಾಣದ ಎದುರು ಗೋಡೆಗೆ ಬರೆಯಲು ಒಬ್ಬ ಪೇಂಟರನ್ನು ಗೊತ್ತುಮಾಡಿದ್ದೆವು.

ಕೂಡ್ಲಿಗಿಯಲ್ಲಿ ‘ಕೂಡ್ಲಿಗಿ/ಕೊಟ್ಟೂರು’ ಎಂದು ಬರೆದದ್ದು ಸರಿಯಿತ್ತು. ಕೊಟ್ಟೂರಿಗೆ ಹೋಗಿ ನೋಡಿದರೆ ಅಲ್ಲೂ ಅದೇ! ಅದನ್ನು ಟೈಪ್ ಮಾಡಿದರೆ ಸಿಗುವುದು ಕೂಡ್ಲಿಗಿಯಿಂದ ಬಸ್ ಹೊರಡುವ ವೇಳೆ. ಕೊಟ್ಟೂರಿನವರು ಅದನ್ನು ನಂಬಿದರೆ ಬಸ್ ತಪ್ಪಿದಂತೆಯೇ.

“ಊರು ಅದಲುಬದಲಾಗ್ಯಾವಲ್ರಿ,” ಎಂದೆ.

ಪೇಂಟರ್ ಏಣಿ ಇಳಿಯಲಿಲ್ಲ. “ಬಸ್ಸಿನ ಬೋರ್ಡ್ ಬರಿಯೋನೂ ನಾನೇರಿ. ಕೂಡ್ಲಿಗಿ–ಕೊಟ್ಟೂರು ಅಂತ ಒಂದೇ ಬೋರ್ಡು. ಹೋಗಾಗೂ ಅದೇ, ಬರಾಗೂ ಅದೇ. ಇಷ್ಟು ವರ್ಷದಾಗ ಯಾರೂ ದಾರಿ ತಪ್ಪಿಲ್ಲ. ಜನಕ್ಕ ತಿಳಿಯೋದು ನಿಮ್ಮ ಕಂಪ್ಯೂಟರಿಗೆ ತಿಳಿಯಂಗಿಲ್ಲೇನ್ರಿ?”

ರೂಮಿಗೆ ಬಂದು ಕೋಡ್ ತೆರೆದೆ. ಊರುಗಳನ್ನು ಹೇಗೆ ಹಿಂದುಮುಂದಾಗಿ ಬರೆದರೂ ಒಂದೇ ಪುಟ ತೆರೆಯಲಿ, ಎರಡೂ ಕಡೆಯ ವೇಳೆ ಅಲ್ಲೇ ಕಾಣಲಿ ಎಂದು ಬದಲಿಸಿದೆ.

ಕೊಟ್ಟೂರಿನ ತಪ್ಪು ತಿದ್ದಿಸಿದಿರಾ ಎಂದು ಮರುದಿನ ಮಾಲೀಕರು ಕೇಳಿದರು. ತಿದ್ದಿದ್ದಾಯಿತು ಎಂದೆ. ತಪ್ಪು ಯಾರದ್ದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.