ಎರಡನೆಯ ಹೊಸ್ತಿಲು

ಶಾವಿಗೆ ಕಾಕಿಯ ಹುಬ್ಬುಗಳು ಬೇಸಿಗೆಯಲ್ಲಿ ಬೆಳ್ಳಗಿರುತ್ತಿದ್ದವು, ಮಳೆಗಾಲದಲ್ಲಿ ಕಪ್ಪಗಾಗುತ್ತಿದ್ದವು. ಯುಗಾದಿಯ ಸುಮಾರಿಗೆ ಪಡಸಾಲೆಯಲ್ಲಿ ಶಾವಿಗೆ ಮಷೀನು ತಿರುಗತೊಡಗಿದರೆ ಗೋಧಿ ಹಿಟ್ಟು ಅವರ ಮುಖ, ಮೊಳಕೈ, ಕಿವಿಯ ಬೆಂಡೋಲೆಯ ಮೇಲೆಲ್ಲ ಕೂತುಬಿಡುತ್ತಿತ್ತು. ಮಿಕ್ಕದ್ದನ್ನೆಲ್ಲ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು, ಹುಬ್ಬಿನ ನೆನಪು ಮಾತ್ರ ಅವರಿಗೆ ಬರುತ್ತಿರಲಿಲ್ಲ. ನಾನು ಮದುವೆಯಾಗಿ ಕಟಕೋಳದಿಂದ ಬೈಲಹೊಂಗಲಕ್ಕೆ ಬಂದು ಅವರ ಎದುರು ಮನೆಯಲ್ಲಿ ಬಾಡಿಗೆಗೆ ಇಳಿದದ್ದು ಅಂಥ ಬೇಸಿಗೆಯಲ್ಲೇ. ಯಾರೋ ಬಹಳ ವಯಸ್ಸಾದ ಅಜ್ಜಿ ಎಂದುಕೊಂಡು ಕಾಲಿಗೂ ಬಿದ್ದಿದ್ದೆ. ಮೊದಲ ಮಳೆಯ ಮರುದಿನ ಕಪ್ಪು ಹುಬ್ಬಿನ ಹೆಂಗಸೊಬ್ಬರು ಆ ಬಾಗಿಲಲ್ಲಿ ನಿಂತದ್ದನ್ನು ಕಂಡು, "ಅಜ್ಜಿ ಒಳಗದಾರೇನ್ರಿ?" ಎಂದು ಕೇಳಿದೆ. ಆ ಮಾತನ್ನು ಕಾಕಿ ಮರೆಯಲಿಲ್ಲ, ನನಗೂ ಮರೆಯಗೊಡಲಿಲ್ಲ. ನಾನು ಕಾಣಿಸಿದಾಗಲೆಲ್ಲ, "ಅಜ್ಜಿ ಇನ್ನಾ ಬಂದಿಲ್ಲವಾ, ನಾನ ಅದೇನಿ" ಎನ್ನುತ್ತಿದ್ದರು.

ಅವರ ಪಡಸಾಲೆಯ ನಟ್ಟನಡುವೆ ಗೋಡೆಯಿಂದ ಗೋಡೆಗೆ ರಂಗೋಲಿಯ ಒಂದು ಗೆರೆ ಇತ್ತು. ದಿನಾ ಬೆಳಿಗ್ಗೆ ಬಾಗಿಲ ಹೊಸ್ತಿಲಿಗೆ ನೀರು ಹಾಕಿ, ಅರಿಷಿಣ ಕುಂಕುಮ ಹಚ್ಚಿದ ಮೇಲೆ ಕಾಕಿ ಒಳಗೆ ಬಂದು ಈ ಗೆರೆಯನ್ನೂ ಹೊಸದಾಗಿ ಎಳೆದು, ಎರಡೂ ತುದಿಗೆ ಕುಂಕುಮ ಇಡುತ್ತಿದ್ದರು. ನಾನು ಹೊಸಬಳು. ಇದು ಯಾವ ವ್ರತ ಎಂದು ಭಕ್ತಿಯಿಂದಲೇ ಕೇಳಿದೆ.

"ವ್ರತ ಅಲ್ಲವಾ, ಇನ್ಶುರೆನ್ಸ್" ಎಂದರು.

ಆಮೇಲೆ ಅದರ ಕಥೆ ಹೇಳಿದರು. ಹಳೆಯ ಮಣ್ಣಿನ ಮಾಳಿಗೆಯ ಮನೆ ಬಿಚ್ಚಿ ಸ್ಲ್ಯಾಬ್ ಹಾಕಿಸಲು ಸಾಲ ತೆಗೆದಾಗ ಬ್ಯಾಂಕಿನವರು ಮನೆಗೆ ವಿಮೆ ಮಾಡಿಸಿದ್ದರು. ಬರೀ ಮನೆ ಎಂದರೆ ವರ್ಷದ ಕಂತು ಸಣ್ಣದು. ಮನೆಯೊಳಗೆ ಮಷೀನು, ಮೋಟರು, ಗಿರಾಕಿಗಳು ಇದ್ದಾರೆ ಎಂದರೆ ಅದು ದೊಡ್ಡದಾಗುತ್ತದೆ. ಹಾಗಾಗಿ ಓಣಿಯವರೆಲ್ಲ, ಶಾವಿಗೆಯ ಸುದ್ದಿ ತೆಗೆಯಲೇಬೇಡಿ ಎಂದು ಬುದ್ಧಿ ಹೇಳಿದ್ದರು. ಸರಕಾರಿ ಬಸ್ಸು ಓಡಿಸಿ ನಿವೃತ್ತರಾಗಿದ್ದ ಅವರ ಗಂಡ, ನಮ್ಮೆಲ್ಲರ ಕಾಕಾ ಕೂಡ, ವಿಮೆಯವರು ಬರುವ ದಿನ ಮಷೀನಿನ ಮೇಲೊಂದು ಕೌದಿ ಹೊದಿಸಿದರೆ ಮುಗಿಯಿತು ಎಂದಿದ್ದರಂತೆ. ಆದರೆ ಕಿತ್ತೂರಿನಲ್ಲಿ ಕಾಕಿಯ ನೆಗೆಣ್ಣಿಯ ಮನೆಯೊಳಗಿನ ಹಿಟ್ಟಿನ ಗಿರಣಿ ಸುಟ್ಟಿತ್ತು. ನೀವು ಮನೆ ಅಂತಲ್ಲವೇ ಹೇಳಿದ್ದು, ಗಿರಣಿ ಎಲ್ಲಿಂದ ಬಂತು ಎಂದು ಕೇಳಿ ವಿಮೆಯವರು ಒಂದು ಪೈಸೆಯನ್ನೂ ಕೊಡದೆ ಹೋಗಿದ್ದರು. ಕಾಕಿ ಅದನ್ನು ಕಣ್ಣಾರೆ ಕಂಡು ಬಂದಿದ್ದರು.

"ಕೌದಿ ಹೊಚ್ಚಿದ್ರ ಮಷೀನ್ ಮಕ್ಕೊಳ್ಳತೈತಿ, ನನಗ ನಿದ್ದಿ ಬರಂಗಿಲ್ಲ" ಎಂದು ಕಾಕಾಗೆ ಅಂದು, ವಿಮೆಯವರ ಮುಂದೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದರು. ವಿಮೆಯ ಏಜೆಂಟ್ ಒಳ್ಳೆಯ ಮನುಷ್ಯ. ಇಡೀ ಮನೆಗೆ ಹೆಚ್ಚು ಕಟ್ಟುವುದು ಬೇಡ, ದಂಧೆ ಎಷ್ಟು ಜಾಗದಲ್ಲಿದೆಯೋ ಅಷ್ಟನ್ನು ತೋರಿಸಿದರೆ ಸಾಕು ಎಂದ. "ಎಲ್ಲಿ ಮಟಾ ಮನಿ, ಎಲ್ಲಿಂದ ದಂಧೆ? ಹೇಳ್ರಿ" ಎಂದು ಪೆನ್ನು ತೆಗೆದ. ಕಾಕಿ ಮನೆಯನ್ನೆಲ್ಲ ತಿರುಗಿ ನೋಡಿದರು. ಹೊರಸಿನ ಮೇಲೆ ಶಾವಿಗೆ, ಅಟ್ಟದ ಮೇಲೆ ಶಾವಿಗೆ, ದೇವರ ಗೂಡಿನ ಮುಂದೆ ಶಾವಿಗೆಯ ಕೋಲು. ಯಾವುದು ಮನೆ ಎಂದು ಅವರಿಗೇ ತಿಳಿಯಲಿಲ್ಲ. ಒಳಗೆ ಹೋಗಿ ರಂಗೋಲಿ ಡಬ್ಬಿ ತಂದು, ಪಡಸಾಲೆಯ ನಡುವೆ ಒಂದು ಗೆರೆ ಎಳೆದು, "ಇಲ್ಲಿಂದ ಆಚೆ ದಂಧೆ, ಈಚೆ ಮನಿ. ಬರಕೋರಿ" ಎಂದರು.

ಏಜೆಂಟ್ ಬರೆದುಕೊಂಡು ಹೋದ. ಬೇರೆ ಯಾರಾದರೂ ಆಗಿದ್ದರೆ ಮರುದಿನ ಗೆರೆ ಅಳಿಸಿ ಹೋಗುತ್ತಿತ್ತು. ಕಾಕಿ ಅದನ್ನು ಹೊಸ್ತಿಲೆಂದೇ ಹಿಡಿದರು. ಹೊಸ್ತಿಲ ಮೇಲೆ ಯಾರೂ ಕೂರಬಾರದು, ಕೊಟ್ಟು ತೆಗೆದುಕೊಳ್ಳುವುದನ್ನು ಅದರ ಮೇಲೆ ನಿಂತು ಮಾಡಬಾರದು. ಶಾವಿಗೆಯ ಒಂದು ಎಳೆಯೂ ಗೆರೆಯೊಳಗೆ ಬರುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಾಯಿದೆಯೆಂದರೆ, ಗೆರೆ ದಾಟಿ ಒಳಗೆ ಬಂದವರು ಗಿರಾಕಿಯಲ್ಲ, ಮನೆಗೆ ಬಂದವರು. ಅವರಿಗೆ ಚಹಾ ಕೊಡಬೇಕು, ಅವರಿಂದ ರೊಕ್ಕ ಮುಟ್ಟಬಾರದು. ಇದನ್ನು ಕಂಡುಕೊಂಡ ಒಂದಿಬ್ಬರು ಜಾಣೆಯರು ಹಿಟ್ಟಿನ ಬುಟ್ಟಿ ಇಳಿಸಿದವರೇ ಸರ್ರನೆ ಒಳಗೆ ಬಂದು ಕೂತುಬಿಡುತ್ತಿದ್ದರು. ಕಾಕಿ ಏನು ಕಡಿಮೆಯೇ? ಓಣಿಯ ತಿರುವಿನಲ್ಲಿ ಅವರ ಸೀರೆ ಕಂಡರೆ ಸಾಕು, "ಅಲ್ಲೇ ನಿಂದರ್ರಿ ಯವ್ವಾ, ಮೊದಲ ರೊಕ್ಕ ಕೊಟ್ಟು ಆಮ್ಯಾಲ ಒಳಗ ಬರ್ರಿ, ಚಾ ಇಟ್ಟೇನಿ" ಎಂದು ಕೂಗುತ್ತಿದ್ದರು. ಕಾಕಾ ನಕ್ಕು, "ನಾ ಬಸ್ ತಗೊಂಡು ಮಹಾರಾಷ್ಟ್ರದ ಗಡಿ ದಾಟೇನಿ. ಅಲ್ಲೂ ಇಷ್ಟ ತ್ರಾಸ ಇರಲಿಲ್ಲ" ಎನ್ನುತ್ತಿದ್ದರು. ಅವರು ಬೇಕೆಂದೇ ಗೆರೆ ತುಳಿದು ಓಡಾಡುವುದು, ಕಾಕಿ ಬಯ್ಯುತ್ತ ಮತ್ತೆ ತಿದ್ದುವುದು ದಿನಾ ನಡೆಯುತ್ತಿತ್ತು.

ನಾನೂ ನಗುತ್ತಿದ್ದೆ. ಆ ಗೆರೆಯಿಂದಲೇ ನನ್ನ ಹೊಟ್ಟೆಪಾಡು ಉಳಿಯುತ್ತದೆ ಎಂದು ಆಗ ನನಗೇನು ಗೊತ್ತು?

ನನ್ನ ಗಂಡ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಹತ್ತಿಯ ಸುಗ್ಗಿ ಮುಗಿದರೆ ಅವರ ಪಗಾರವೂ ಮುಗಿಯುತ್ತಿತ್ತು. ಉಳಿದ ತಿಂಗಳು ನಮ್ಮ ಒಲೆ ಉರಿಯುತ್ತಿದ್ದದ್ದು ನಾನು ಮನೆಯಲ್ಲಿ ಕೂತು ಹೊಲಿಯುತ್ತಿದ್ದ ಜಂಪರುಗಳಿಂದ. ಗಿರಾಕಿಗಳು ಹೆಚ್ಚಾದದ್ದು ನಮ್ಮ ಮನೆ ಮಾಲಕರ ಕಣ್ಣಿಗೆ ಬಿತ್ತು. ಮನೆಯೊಳಗೆ ದಂಧೆ ನಡೆದರೆ ತಮ್ಮ ವಿಮೆಯ ಕಂತು ಏರುತ್ತದೆ, ಕರೆಂಟಿನ ಬಿಲ್ಲೂ ಏರುತ್ತದೆ ಎಂದು ಅವರ ತಕರಾರು. "ಹೊಲಿಯೂದು ಬಿಡ್ರಿ, ಇಲ್ಲಾ ಮನಿ ಬಿಡ್ರಿ" ಎಂದು ಬಾಗಿಲಲ್ಲೇ ನಿಂತು ಹೇಳಿದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಓಣಿಗೆಲ್ಲ ಕೇಳುವಂತೆ ಜಗಳವಾಡಿದೆ. ಅವರು ಹೋದ ಮೇಲೆ ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟು ಅತ್ತೆ. ಹೊಲಿಗೆ ಬಿಟ್ಟರೆ ಊಟವಿಲ್ಲ, ಮನೆ ಬಿಟ್ಟರೆ ಅಷ್ಟು ಬಾಡಿಗೆಗೆ ಬೇರೆ ಮನೆಯಿಲ್ಲ.

ಕಾಕಿ ಹಿಟ್ಟಿನ ಕೈಯಲ್ಲೇ ಬಂದರು. ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಮಷೀನಿನ ಒಂದು ಬದಿ ಹಿಡಿದು, "ಅಳೂದು ಆಮ್ಯಾಲ ಅಳು, ಮೊದಲ ಆ ಕಡಿ ಹಿಡಿ. ನನ್ನ ಗೆರಿಯಾಚೆ ಜಾಗಾ ಐತಿ. ಅದು ದಂಧೆ ಅಂತ ಆಗಲೇ ಬರಸೇನಿ" ಎಂದರು. ಇಬ್ಬರೂ ಸೇರಿ ಓಣಿ ದಾಟಿಸಿ ಅವರ ಪಡಸಾಲೆಯ ಕಿಟಕಿಯ ಹತ್ತಿರ ಅದನ್ನಿಟ್ಟೆವು.

ಅಲ್ಲಿಗೇ ಬಿಡುತ್ತಾರೆಂದುಕೊಂಡೆ. ಮರುದಿನವೇ ಏಜೆಂಟನನ್ನು ಕರೆಸಿದರು. ಬಟ್ಟೆ ಬೇಗ ಬೆಂಕಿ ಹಿಡಿಯುವ ವಸ್ತು, ಕಂತು ಇನ್ನಷ್ಟು ಏರುತ್ತದೆ ಎಂದು ಅವನು ತಲೆ ಕೆರೆದುಕೊಂಡ. "ಸುಮ್ಮನಿರ್ರಿ ಕಾಕಿ, ಒಂದು ಹೊಲಿಗಿ ಮಷೀನ್ ಯಾರು ನೋಡಾಕ ಬರತಾರ?"

"ನಾ ದಿನಾ ನೋಡಾಕ ಹತ್ತೇನಲ್ಲ? ಬರಕೋ" ಎಂದರು ಕಾಕಿ.

ಹೆಚ್ಚಿನ ರೊಕ್ಕ ನಾನು ಕೊಡುತ್ತೇನೆಂದು ಹಟ ಹಿಡಿದೆ. ವರ್ಷಕ್ಕೊಂದು ಜಂಪರ್ ಹೊಲಿದುಕೊಡು, ಅಷ್ಟೇ ಎಂದರು. ಆ ಜಂಪರಿನ ಅಳತೆ ಕೊಡುವುದಕ್ಕೆ ಮಾತ್ರ ಗೆರೆಯಾಚೆ ಬಂದು, ಗಿರಾಕಿಯ ಹಾಗೆ ಗಂಭೀರವಾಗಿ ನಿಲ್ಲುತ್ತಿದ್ದರು. "ಕುತಗಿ ಭಾಳ ಇಳಿಸಬ್ಯಾಡ್ರಿ ಟೇಲರ್" ಎಂದು ನನಗೆ ಬಹುವಚನ ಬೇರೆ. ಮಧ್ಯಾಹ್ನವಾದರೆ ಅದೇ ಬಾಯಿ, "ಏ ಹುಡಗಿ, ಒಳಗ ಬಾ, ರೊಟ್ಟಿ ಆರತೈತಿ" ಎನ್ನುತ್ತಿತ್ತು. ನಾನು ಗೆರೆ ದಾಟುತ್ತಿದ್ದೆ. ಕೆಲಸದ ಚಿಂತೆಯನ್ನು ಆಚೆ ಬಿಟ್ಟು ಉಣ್ಣುವುದನ್ನು ನಾನು ಕಲಿತದ್ದು ಆ ಮನೆಯಲ್ಲಿ. ತವರಿನಲ್ಲೂ ನನಗೆ ಅಂಥ ಊಟ ಸಿಕ್ಕಿರಲಿಲ್ಲ ಎಂದರೆ ನನ್ನವ್ವ ಬೇಜಾರು ಮಾಡಿಕೊಂಡಾಳು, ಆದರೂ ಹೇಳುತ್ತೇನೆ.

ವರ್ಷಗಳು ಹೀಗೇ ಹೋದವು. ಕಳೆದ ಮಳೆಗಾಲದಲ್ಲಿ ಮಷೀನು ನಿಂತು ಎಷ್ಟೋ ದಿನವಾದರೂ ಕಾಕಿಯ ಹುಬ್ಬು ಬೆಳ್ಳಗೇ ಇದ್ದವು. ಹಿಟ್ಟು ಉಳಿದಿದೆ ಎಂದುಕೊಂಡು ನಾನು ಸೆರಗಿನಿಂದ ಒರೆಸಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು. "ಬಿಡವಾ, ಅದು ಹೋಗಂಗಿಲ್ಲ. ಅವತ್ತ ನೀ ಕೇಳಿದ್ದೆಲ್ಲ, ಆ ಅಜ್ಜಿ ಬಂದಾಳ" ಎಂದು ನಕ್ಕರು. ದೀಪಾವಳಿಗೆ ಮೊದಲು ಹೋಗಿಬಿಟ್ಟರು. ಆ ವರ್ಷದ ಜಂಪರಿಗೆ ಇನ್ನೂ ಹುಕ್ಕು ಹಚ್ಚಿರಲಿಲ್ಲ.

ಸಾವಿನ ಮನೆಯಲ್ಲಿ ಕೆಲವು ದಿನ ರಂಗೋಲಿ ಹಾಕುವುದಿಲ್ಲ. ಬಂದು ಹೋಗುವವರ ಕಾಲಿಗೆ ಸಿಕ್ಕಿ ಪಡಸಾಲೆಯ ಗೆರೆ ಪೂರ್ತಿ ಅಳಿಸಿಹೋಯಿತು. ನಾನು ಎಲ್ಲಿ ನಿಲ್ಲಬೇಕೆಂಬುದೇ ನನಗೆ ತಿಳಿಯದಾಯಿತು. ಮುನವಳ್ಳಿಯಿಂದ ಬಂದ ಕಾಕಿಯ ಅಣ್ಣ, ಶಾವಿಗೆ ಮಷೀನು ಮಾರಿಬಿಡು ಎಂದು ಕಾಕಾಗೆ ಹೇಳುತ್ತಿದ್ದರು. ಆ ದಿನಗಳು ಕಳೆದ ಮೇಲೆ ಏಜೆಂಟ್ ಬಂದ. "ಇನ್ನ ಬರೇ ಮನಿ ಅಂತ ಬರೀಲೇನ್ರಿ? ಕಂತು ಭಾಳ ಕಡಿಮಿ ಆಗತೈತಿ" ಎಂದು ಕೇಳಿದ. ತಪ್ಪಲ್ಲ, ಅವನ ಕೆಲಸ ಅದು. ಕಾಕಾ, "ನಾಳಿ ಬರ್ರಿ" ಎಂದರು. ನನ್ನ ಮುಖ ನೋಡಲಿಲ್ಲ. ಕಾಕಿ ಇಲ್ಲದ ಮನೆಯಲ್ಲಿ ಇನ್ನು ನನ್ನದೇನು ಎಂದುಕೊಂಡು, ಗಿರಾಕಿಗಳ ಬಟ್ಟೆಯನ್ನೆಲ್ಲ ಸಂಜೆಯೇ ಗಂಟು ಕಟ್ಟಿದೆ.

ಬೆಳಿಗ್ಗೆ ಮಷೀನು ಒಯ್ಯಲು ಹೋದಾಗ ಕಾಕಾ ಪಡಸಾಲೆಯಲ್ಲಿ ಮೊಣಕಾಲೂರಿ ಕೂತಿದ್ದರು. ಪಕ್ಕದಲ್ಲಿ ಕಾಕಿಯ ರಂಗೋಲಿ ಡಬ್ಬಿ. ಸ್ಟೇರಿಂಗ್ ಹಿಡಿದ ಕೈಗೆ ರಂಗೋಲಿ ಪುಡಿ ಒಗ್ಗುತ್ತಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗೆರೆ ಗೋಡೆಯಿಂದ ಹೊರಟು, ನನ್ನ ಮಷೀನಿನ ಹತ್ತಿರ ಬರುತ್ತಲೇ ಮನೆಯೊಳಕ್ಕೆ ಒಂದು ಗೇಣು ಹೊರಳಿಕೊಂಡು ಹೋಗಿತ್ತು.

ಗಂಟು ಕೈಗೆತ್ತಿಕೊಂಡ ನನ್ನನ್ನು, "ಸೊಟ್ಟ ಆತೇನವಾ?" ಎಂದು ಕೇಳಿದರು.

"ಒಳಗ ಸರದೈತ್ರಿ ಕಾಕಾ. ನಿಮ್ಮ ಮನಿ ಸಣ್ಣದಾತು."

"ಆಗಲಿ. ನಿನಗ ಬಟ್ಟಿ ಕತ್ತರಿಸಾಕ ಜಾಗಾ ಸಾಲಂಗಿಲ್ಲ ಅಂತ ಅಕಿ ಹೇಳತಿದ್ಲು. ಏಜೆಂಟ್ ಬಂದ್ರ ಇದನ್ನ ತೋರಸು" ಎಂದು ಎರಡೂ ತುದಿಗೆ ಕುಂಕುಮ ಇಟ್ಟರು. ಆಮೇಲೆ ಗೋಡೆ ಹಿಡಿದು ಎದ್ದು, ದಿನಾ ತುಳಿಯುತ್ತಿದ್ದ ಆ ಗೆರೆಯನ್ನು ಜೋಪಾನವಾಗಿ ದಾಟಿ ಅಡುಗೆಮನೆಯ ಕಡೆ ಹೋದರು. ಅಲ್ಲಿಂದಲೇ, "ಹುಡಗಿ, ಗಂಟು ಅಲ್ಲೇ ಇಟ್ಟು ಒಳಗ ಬಾ, ಚಾ ಆರತೈತಿ" ಎಂದು ಕರೆದರು.

ನಾನು ಗಂಟು ಇಳಿಸಿ ಗೆರೆ ದಾಟಿದೆ.