ಜಲಜ ಬರೆದ ಸಾಲು

ಲ್ಯಾಪ್‌ಟಾಪಿನ ಫ್ಯಾನು ಹೊತ್ತಿಗೆ ಮುಂಚೆ ಸುಮ್ಮನಾದರೆ ಅಂಗಳದಲ್ಲಿದ್ದರೂ ನನಗೆ ಗೊತ್ತಾಗುತ್ತದೆ, ಬಿಲ್ಡ್ ಮುರಿದಿದೆ, ಬರೆದದ್ದನ್ನೆಲ್ಲ ಸೇರಿಸಿ ತಂತ್ರಾಂಶ ಕಟ್ಟುವ ಕೆಲಸ ಅರ್ಧಕ್ಕೇ ನಿಂತಿದೆ ಎಂದು. ಇಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಹಾಗೆಯೇ ಆಯಿತು. ಉಳಿದ ಬಟ್ಟೆಗಳನ್ನೂ ಅಂಚಿಗೆ ಅಂಚು ಸೇರಿಸಿ ಹರವಿಯೇ ಒಳಗೆ ಬಂದೆ. ಈ ವಯಸ್ಸಿನಲ್ಲಿ ಸ್ವಭಾವ ಎಲ್ಲಿ ಬದಲಾಗುತ್ತದೆ?

ನಾನು ನೋಡಿಕೊಳ್ಳುವುದು ಪುಟ ಜೋಡಿಸುವ ಒಂದು ದೊಡ್ಡ ತಂತ್ರಾಂಶ. ಮದುವೆ ಕಾಗದ, ಯಕ್ಷಗಾನದ ಕರಪತ್ರ ಅಚ್ಚು ಹಾಕುವ ಸಣ್ಣ ಪ್ರೆಸ್ಸುಗಳು ಅದನ್ನು ಬಳಸುತ್ತವೆ. ಮುಂಬೈಯ ಕೆಲಸ ಮುಗಿಸಿ ತೆಕ್ಕಟ್ಟೆಗೆ ಬಂದ ಮೇಲೆ, ಆ ಕಚೇರಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಬಸ್ರೂರಿನ ಜಲಜಳ ಜೊತೆ ಸೇರಿ ಬರೆದದ್ದು. ನಮ್ಮದೊಂದು ಪದ್ಧತಿ ಇತ್ತು. ಬಿಲ್ಡ್ ಮುರಿದರೆ ಒಬ್ಬಳು ದೋಷದ ಸಾಲುಗಳನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಪರದೆ ನೋಡದೆ ಕೇಳಬೇಕು. ಓದುವ ಮೊದಲು ನಾನು ಮೇಜು ಒರೆಸುವುದನ್ನು ಕಂಡು, "ಅಕ್ಕ, ಕಂಪ್ಯೂಟರಿಗೂ ಒಂದ್ ಸ್ನಾನ ಮಾಡ್ಸಿ, ಕಾಂಬ" ಎಂದು ನಗುತ್ತಿದ್ದಳು. ಈಗ ಅವಳು ಕೊಲ್ಲೂರಿನಲ್ಲಿ ತಮ್ಮನ ಪೂಜಾಸಾಮಗ್ರಿಯ ಅಂಗಡಿ ನೋಡಿಕೊಳ್ಳುತ್ತಾಳೆ. ನಾನು ಒಬ್ಬಳೇ ಓದುತ್ತೇನೆ, ಗಟ್ಟಿಯಾಗಿಯೇ.

ಈ ಸಲ ಕಂಪೈಲರ್‌ಗೆ ಕೆಲವು ಹೊಸ ಭದ್ರತಾ ಫ್ಲಾಗುಗಳನ್ನು ಹಾಕಿದ್ದೆ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಕಾವಲನ್ನೂ ಸೇರಿಸು ಎಂಬ ಅಪ್ಪಣೆಗಳು ಅವು. ಯಾವುದು ತಡೆಯಿತೆಂದು ತಿಳಿಯಲು ಅರ್ಧದಷ್ಟು ಫ್ಲಾಗುಗಳನ್ನು ತೆಗೆದು ನೋಡಬೇಕು, ಉಳಿದದ್ದರಲ್ಲಿ ಮತ್ತೆ ಅರ್ಧ. ಕೊನೆಗೆ ಆ ಫ್ಲಾಗು ಸಿಕ್ಕಿತು, ಅದು ತಡೆದದ್ದು ಜಲಜ ಬರೆದ ಒಂದು ಸಾಲನ್ನು. ಊಟದ ಪಂಕ್ತಿಯ ತುದಿಗೆ ಒಂದೇ ಎಲೆ ಎಂದು ಹೇಳಿ, ಜನ ಬಂದ ಹಾಗೆ ಮುಂದೆ ಎಲೆ ಹಾಕುತ್ತ ಹೋಗುವುದಿಲ್ಲವೇ, ಹಾಗೆ ಅವಳು ಒಂದೇ ಸ್ಥಾನವೆಂದು ಬರೆದು ಅದರಾಚೆಯ ಜಾಗವನ್ನೂ ಬಳಸಿದ್ದಳು. ಆಗ ಅದು ನಡೆಯುತ್ತಿತ್ತು. ಹೊಸ ಕಾವಲು ಬರೆದ ಒಂದನ್ನೇ ನಂಬುತ್ತದೆ. ಎರಡನೆಯವರು ಕೂರಲು ಬಂದದ್ದೇ ಇಡೀ ಊಟವನ್ನು ನಿಲ್ಲಿಸಿತ್ತು.

ತಿದ್ದುವುದು ಸುಲಭ. ಆದರೆ ಅಷ್ಟು ದೊಡ್ಡ ತಂತ್ರಾಂಶದಲ್ಲಿ ಅವಳದೆಂದು ಉಳಿದಿದ್ದದ್ದು ಅದೊಂದೇ ಸಾಲು. ಬೇರೆಲ್ಲವನ್ನೂ ವರ್ಷವರ್ಷ ನಾನೇ ಬದಲಿಸಿದ್ದೆ. ಆ ಕಡತಕ್ಕೆ ಮಾತ್ರ ಕಾವಲು ತೆಗೆದರೆ ಸಾಲು ಉಳಿಯುತ್ತದೆ, ಆದರೆ ಅಪಾಯಕ್ಕೆ ಬಾಗಿಲೊಂದು ತೆರೆದೇ ಇರುತ್ತದೆ. ಅವಳನ್ನೇ ಕೇಳೋಣವೆಂದು ಫೋನ್ ಮಾಡಿದೆ.

"ಹ್ವಾಯ್ ಅಕ್ಕ! ಎಂತ, ಮತ್ ಮುರೀತಾ?"

"ಮುರೀತ್. ನೀನ್ ಬರ್ದ ಸಾಲೇ ಮಾರಾಯ್ತಿ, ಆ ಕೊನಿ ಜಾಗದ್ದ್."

"ನಾನಾ? ನಂಗ್ ನೆನ್ಪೇ ಇಲ್ಲೆ. ತೆಗ್ದ್ ಬಿಸಾಡಿ ಅಕ್ಕ!" ಎಂದವಳು ಯಾರಿಗೋ, "ಹೋಯ್, ಕುಂಕುಮ ಆಚಿ ಬದಿಗಿತ್ತ್, ಕಾಣಿ!" ಎಂದು ಕೂಗಿದಳು. "ಜನ ಬಂದ್ರ್. ಇಡ್ತೆ, ಅಕಾ?" ನಾನು ಆಗಲಿ ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಅವಳು ನೋಯುವಂಥದ್ದೇನೂ ಹೇಳಿರಲಿಲ್ಲ. ನಾನು ಕಾಪಾಡಿಕೊಂಡು ಬಂದದ್ದು ಅವಳಿಗೆ ಬೇಕಾಗಿಯೇ ಇರಲಿಲ್ಲ, ಅಷ್ಟೇ. ಒಂದು ಎಂದಿದ್ದ ಅಂಕಿಯನ್ನು ಅಳಿಸಿ ಜಾಗ ಖಾಲಿ ಬಿಟ್ಟೆ. ಎಷ್ಟು ಬೇಕಾದರೂ ಬರಬಹುದು ಎಂದು ಕಂಪೈಲರ್‌ಗೆ ಹೇಳುವ ರೀತಿ ಅದು. ಊಟದ ಹೊತ್ತಿಗೆ ಎಲ್ಲ ಫ್ಲಾಗುಗಳೊಂದಿಗೆ ಬಿಲ್ಡ್ ಪೂರ್ತಿಯಾಯಿತು.

ಆಗ ಹೊಳೆಯಿತು ನೋಡಿ. ಅವಳು ಕೊಲ್ಲೂರಿಗೆ ಹೋದ ಮೇಲೆ ನಾನು ಮಾಡಿದ ಪ್ರತಿ ಕರೆಯ ಹಿಂದೆಯೂ ಮುರಿದದ್ದೊಂದು ಇತ್ತು. ಇನ್ನು ಅವಳನ್ನು ಕೇಳಬೇಕಾದ ಸಾಲೇ ಇಲ್ಲ. ಬಡಿಸಿಕೊಂಡ ಊಟ ಹಾಗೆಯೇ ಮುಚ್ಚಿಟ್ಟು ಮತ್ತೆ ಕರೆ ಮಾಡಿದೆ.

"ಎಂತ ಅಕ್ಕ, ಸರಿ ಆಯ್ಲಿಲ್ಯಾ?"

"ಆಯ್ತ್. ಸುಮ್ನೆ ಮಾಡ್ದೆ."

ಆಚೆ ಬಸ್ಸಿನ ಹಾರನ್ನು, ಯಾರದೋ ಚೌಕಾಸಿ ಕೇಳಿಸಿತು.

"ಒಂಚೂರ್ ನಿಲ್ಲಿ, ಇವ್ರನ್ ಕಳ್ಸಿ ಬತ್ತೆ," ಎಂದಳು. "ಇಡ್ಬೇಡಿ."

ಫೋನನ್ನು ಕಿವಿಗೆ ಹಿಡಿದು ಕಾದೆ.